ಮಾತ್ರೆ ಕೊಟ್ಟರೆ ಕೆಲಸ ಮುಗಿಯಲ್ಲ: ಗರ್ಭಿಣಿಯರ ರಕ್ತಹೀನತೆ, ನನ್ನ ಅನುಭವ

ಯಾದಗಿರಿ ಜಿಲ್ಲೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ಆರೋಗ್ಯ ಸಹಾಯಕಿ, ಅಂದರೆ ಎಎನ್‌ಎಂ. ಗರ್ಭಿಣಿ ಬಂದು ತಾಯಿ ಕಾರ್ಡ್ ಕೈಗೆ ಕೊಟ್ಟರೆ ನಾನು ಮೊದಲು ಹುಡುಕುವುದು ಹಿಮೋಗ್ಲೋಬಿನ್ ಎಷ್ಟು ಅಂತ. ರಕ್ತದಲ್ಲಿ ಆಮ್ಲಜನಕ ಹೊರುವ ಅಂಶ ಅದು, 100 ಮಿಲಿ ರಕ್ತಕ್ಕೆ ಕನಿಷ್ಠ 11 ಗ್ರಾಂ ಇರಬೇಕು. 7ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಅರ್ಧದಷ್ಟು ಜನ!

ಹೆರಿಗೆಯಲ್ಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. ಅರ್ಧ ಲೀಟರ್ ದಾಟಿದರೆ ಅದನ್ನು ಅತಿ ರಕ್ತಸ್ರಾವ ಅನ್ನುತ್ತೇವೆ. ಚೆನ್ನಾಗಿ ಉಂಡು ಗಟ್ಟಿಯಾಗಿರುವ ಹೆಂಗಸು ಅಷ್ಟನ್ನು ತಡೆದುಕೊಳ್ಳಬಹುದು. ಮೊದಲೇ 6 ಗ್ರಾಂ ಇರುವವಳಿಗೆ ಅದಕ್ಕಿಂತ ಕಡಿಮೆ ಹೋದರೂ ಜೀವಕ್ಕೆ ಅಪಾಯ. ಆಕೆಯ ಹೃದಯ ಆಗಲೇ ದಣಿದಿರುತ್ತದೆ, ಸೋಂಕನ್ನು ಎದುರಿಸುವ ಶಕ್ತಿಯೂ ಇರುವುದಿಲ್ಲ. ಆಕೆ ತೀರಿಕೊಂಡರೆ ಕಾರಣ ರಕ್ತಸ್ರಾವ ಅಂತ ಬರೆಯುತ್ತಾರೆ. ತಿಂಗಳುಗಟ್ಟಲೆ ಅರೆಹೊಟ್ಟೆ ಉಂಡದ್ದು ಎಲ್ಲೂ ದಾಖಲಾಗುವುದಿಲ್ಲ. ನನಗೆ ತುಂಬಾ ನೋವು ಕೊಡುವ ವಿಷಯ ಇದು.

ಸರ್ಕಾರದ ಲೆಕ್ಕದಲ್ಲಿ ಕೆಲಸ ಸರಳ. ಗರ್ಭಿಣಿಗೆ ದಿನಕ್ಕೊಂದು ಕೆಂಪು ಮಾತ್ರೆ, 180 ದಿನ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಮ್ಲ. ಹೆರಿಗೆ ಆದ ಮೇಲೆ ಮತ್ತೆ 180 ದಿನ. ಮಾತ್ರೆ ಕೊಡುವುದು ಸುಲಭ. ಅದು ಹೊಟ್ಟೆಗೆ ಹೋಯಿತಾ, ಹೋಗಿ ಕೆಲಸ ಮಾಡಿತಾ ಅಂತ ನೋಡುವುದೇ ನಿಜವಾದ ಕೆಲಸ.

ಅದಕ್ಕೇ ನಾನು "ಮಾತ್ರೆ ತಗೊಂಡಿ ಏನವಾ?" ಅಂತ ಕೇಳುವುದಿಲ್ಲ. ಕೇಳಿದರೆ ಎಲ್ಲರೂ "ಹೂಂ ರೀ ಅಕ್ಕಾರ" ಅಂತಲೇ ಹೇಳುತ್ತಾರೆ. "ನಿನ್ನಿ ಮುಂಜಾನಿಂದ ಏನೇನ್ ಉಂಡಿ?" ಅಂತ ಶುರು ಮಾಡುತ್ತೇನೆ. ಆಗ ಎಲ್ಲಾ ಹೊರಗೆ ಬರುತ್ತದೆ. ಬೆಳಿಗ್ಗೆ ಬರೀ ಚಹಾ. ಹೊಲದಲ್ಲಿ ರೊಟ್ಟಿ, ಖಾರ. ರಾತ್ರಿ ಎಲ್ಲರೂ ಉಂಡ ಮೇಲೆ ಉಳಿದದ್ದು. ಬೇಳೆ ತಳ ಕಂಡಿರುತ್ತದೆ, ಪಲ್ಯ ಮುಗಿದಿರುತ್ತದೆ. ಮಾತ್ರೆ ನುಂಗಿದ್ದೂ ಚಹಾದ ಜೊತೆ! ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ನುಂಗಬಾರದು, ಎರಡು ಗಂಟೆ ಅಂತರ ಬೇಕು.

ಹಾಗಾಗಿ ಮಾತ್ರೆಯನ್ನು ರಾತ್ರಿ ಮಲಗುವ ಹೊತ್ತಿಗೆ ಹಾಕಿಕೊಳ್ಳಲು ಹೇಳುತ್ತೇನೆ. ಓಕರಿಕೆ ಬಂದರೂ ನಿದ್ದೆಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಮಲ ಕಪ್ಪಗೆ ಬರುತ್ತದೆ, ಹೆದರಬೇಡ ಅಂತ ಮೊದಲೇ ತಿಳಿಸುತ್ತೇನೆ. ಇಲ್ಲದಿದ್ದರೆ ಎರಡನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ನಾಲ್ಕನೇ ತಿಂಗಳು ಶುರುವಾದ ಮೇಲೆ ಜಂತುಹುಳದ ಮಾತ್ರೆ ಒಂದು. ಬರಿಗಾಲಲ್ಲಿ ಹೊಲಕ್ಕೆ ಹೋಗುವವರ ಹೊಟ್ಟೆಯಲ್ಲಿ ಕೊಕ್ಕೆಹುಳ ಇದ್ದರೆ ಅದೇ ರಕ್ತ ಹೀರುತ್ತಿರುತ್ತದೆ, ಎಷ್ಟು ಮಾತ್ರೆ ಕೊಟ್ಟರೇನು?

ಮನೆಯಲ್ಲಿ ನಾನು ಜಾಸ್ತಿ ಹೊತ್ತು ಮಾತಾಡುವುದು ಅತ್ತೆಯ ಹತ್ತಿರ. ಸೊಸೆ ಏನು ಉಣ್ಣಬೇಕು ಅನ್ನುವುದು ಆಕೆಯ ಕೈಯಲ್ಲಿದೆ, ಅಲ್ವಾ? "ಬಾಳ ಉಂಡ್ರ ಕೂಸು ದೊಡ್ಡದಾಗ್ತದ, ಹಡಿಲಿಕ್ಕೆ ತ್ರಾಸ ಆಗ್ತದ್ರೀ" ಅನ್ನುತ್ತಾರೆ. ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಆಸ್ಪತ್ರೆ ದೂರ ಇದ್ದ ಕಾಲದಲ್ಲಿ ಕೂಸು ಅಡ್ಡ ನಿಂತು ತಾಯಂದಿರು ಸತ್ತದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅದಕ್ಕೇ ನಾನು ಬೈಯುವುದಿಲ್ಲ. "ಯವ್ವಾ, ಎರಡೂವರೆ ಕೆಜಿಗಿಂತ ಸಣ್ಣದು ಹುಟ್ಟಿದ್ರ ಕೂಸಿನ ಮೈ ಲಗೂನ ತಣ್ಣಗಾಗ್ತದ, ಹಾಲು ಎಳೆಯೂ ಶಕ್ತಿ ಇರೂದಿಲ್ಲ" ಅಂತ ಕೂತು ಹೇಳುತ್ತೇನೆ. ಮೊಮ್ಮಗುವಿನ ಮಾತು ಬಂದಾಗ ಅತ್ತೆ ಕಿವಿ ಕೊಡುತ್ತಾಳೆ.

ಊಟದ ವಿಷಯದಲ್ಲಿ ಮನೆಯಲ್ಲಿ ಇರುವುದನ್ನೇ ಹೇಳುತ್ತೇನೆ. ಸೇಬು, ದಾಳಿಂಬೆ ಅಂದರೆ ಕೂಲಿಗೆ ಹೋಗುವವರು ಎಲ್ಲಿಂದ ತರಬೇಕು? ಸಜ್ಜೆ ರೊಟ್ಟಿ, ಹೆಸರುಕಾಳು, ಶೇಂಗಾ ಹಿಂಡಿ, ಮೆಂತ್ಯ, ರಾಜಗಿರಿ ಪಲ್ಯ, ಮೇಲೆ ನಿಂಬೆಹಣ್ಣು. ಹುಳಿ ಸೇರಿದರೆ ಸೊಪ್ಪು ಕಾಳಿನ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಊಟ ಇದೆ: ಅನ್ನ, ಸಾಂಬಾರ್, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಒಳ್ಳೆಯ ಊಟ. ಆದರೆ ಮಧ್ಯಾಹ್ನ ಹತ್ತಿ ಬಿಡಿಸಲು ಹೋದವಳು ಅಲ್ಲಿಗೆ ಬಂದು ಉಣ್ಣುವುದು ಹೇಗೆ? ಹೆಚ್ಚು ಬೇಕಾದವಳಿಗೇ ಅದು ಸಿಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ಒಂದು ತಿಂಗಳ ಮೇಲೆ ಮತ್ತೆ ರಕ್ತ ನೋಡುತ್ತೇನೆ. ಸುಮಾರು ಒಂದು ಗ್ರಾಂ ಏರಿರಬೇಕು. ಏರದಿದ್ದರೆ ಸುಮ್ಮನಿರುವುದಿಲ್ಲ, ಡಾಕ್ಟರಿಗೆ ತೋರಿಸಿ ಕಬ್ಬಿಣಾಂಶದ ಡ್ರಿಪ್ ಹಾಕಿಸುತ್ತೇನೆ. 7ಕ್ಕಿಂತ ಕೆಳಗಿದ್ದರೆ ನೇರ ದೊಡ್ಡಾಸ್ಪತ್ರೆ. ಮನೆಯವರು "ನಾಳೆ ಹೋಗ್ತೀವ್ರೀ" ಅಂದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕಳಿಸುತ್ತೇನೆ.

ನಮ್ಮ ಕಡೆ ಕೈ ತಪ್ಪುವುದು ಗುಳೆ ಹೋದಾಗ. ಬೆಂಗಳೂರು, ಪುಣೆ ಕಡೆ ಕಟ್ಟಡದ ಕೆಲಸಕ್ಕೆ ಹೋದವರು ಬಸುರು ಏಳೆಂಟು ತಿಂಗಳಾದಾಗ ಊರಿಗೆ ಬರುತ್ತಾರೆ, ಮುಖ ಬಿಳುಚಿಕೊಂಡಿರುತ್ತದೆ. ಅಷ್ಟು ಹೊತ್ತಿಗೆ ಮಾತ್ರೆಗೆ ಸಮಯವೇ ಉಳಿದಿರುವುದಿಲ್ಲ. ಈಗ ಯಾವ ಮನೆಯವರು ಗಂಟುಮೂಟೆ ಕಟ್ಟುತ್ತಿದ್ದಾರೆ ಅಂತ ಆಶಾ ನನಗೆ ಮೊದಲೇ ತಿಳಿಸುತ್ತಾಳೆ. ಹೊರಡುವ ಮುಂಚೆ ರಕ್ತ ಪರೀಕ್ಷೆ ಮಾಡಿ, ಕೈತುಂಬ ಮಾತ್ರೆ ಕೊಟ್ಟು, ಗಂಡನ ಫೋನ್ ನಂಬರ್ ಬರೆದುಕೊಳ್ಳುತ್ತೇನೆ. ತಾಯಿ ಕಾರ್ಡ್ ಮನೆಯಲ್ಲಿ ಬಿಟ್ಟು ಹೋಗಬೇಡಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನೇ ತೋರಿಸಿ ಅನ್ನುತ್ತೇನೆ. ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಆಗಲೂ ಮೊದಲ ಪ್ರಶ್ನೆ ಅದೇ, ನಿನ್ನೆ ಏನು ಉಂಡಿ ಅಂತ.