ನೆರಳು ಹೋದಮೇಲೆ ಎಣ್ಣೆಗೆ

ನಮ್ಮ ಮನೆಯ ಚಾಕು ಕೆಲಸದಲ್ಲಿ ದಿನ ಶುರುವಾಗುವುದೇ ಹದ ಹಾಕುವುದರಿಂದ, ಅಂದರೆ ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವುದರಿಂದ. ಬೆಳಕು ಹರಿಯುವ ಮೊದಲೇ ಅಪ್ಪ ಕುಲುಮೆ ಹಚ್ಚಿರುತ್ತಾರೆ. ಬಿಸಿಲು ಬಂದರೆ ಕಾದ ಉಕ್ಕಿನ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ, ಜಾಸ್ತಿ ಕಾದಿದ್ದರೂ ಇನ್ನೂ ಸಾಲದು ಅಂತಲೇ ಕಾಣುತ್ತದೆ. ಅದಕ್ಕೇ ಬಡಿಯುವುದು, ಉಜ್ಜುವುದು, ಹಿಡಿ ಕೂರಿಸುವುದು ಎಲ್ಲ ಆಮೇಲೆ.

ಕಲಿಯುವಾಗ ನಾನು ಅಯಸ್ಕಾಂತವನ್ನೇ ನಂಬಿದ್ದೆ. ಸುಮಾರು 770 ಡಿಗ್ರಿ ದಾಟಿದ ಉಕ್ಕು ಅದಕ್ಕೆ ಅಂಟುವುದಿಲ್ಲ, ಆಮೇಲೆ ಇನ್ನೊಂದಿಷ್ಟು ಕಾಯಿಸಿ ಎಣ್ಣೆಗೆ ಅದ್ದಿದರಾಯಿತು. ಅಪ್ಪ ಬೇಡ ಅನ್ನಲಿಲ್ಲ. "ಅದೂ ಇರಲಿ, ನೆರಳು ನೋಡೋದು ಕಲಿ" ಅಂದರು. ಕತ್ತಲಲ್ಲಿ ನಿಂತು ಗಮನವಿಟ್ಟು ನೋಡಿದರೆ, ಕೆಂಪಗೆ ಕಾಯುತ್ತಿರುವ ಅಲಗಿನ ಮೇಲೆ ಮಸುಕಾದ ನೆರಳೊಂದು ಓಡಾಡುತ್ತದೆ, ಮೊದಲು ತೆಳ್ಳಗಿರುವ ಮೊನೆ ಮತ್ತು ಬಾಯಿ ಬೆಳಗುತ್ತವೆ, ನೆರಳು ನಿಧಾನಕ್ಕೆ ದಪ್ಪ ಬೆನ್ನಿನ ಕಡೆ ಸರಿಯುತ್ತಾ ಹೋಗುತ್ತದೆ. ಉಕ್ಕು ಒಳಗೊಳಗೇ ಬದಲಾಗುವಾಗ ಶಾಖ ಹೀರಿಕೊಳ್ಳುತ್ತದೆ, ಹಾಗಾಗಿ ಆ ಜಾಗ ಮಂಕಾಗಿ ಕಾಣುತ್ತದೆ. ನೆರಳು ಪೂರ್ತಿ ಹೋಗಿ ಇಡೀ ಅಲಗು ಒಂದೇ ಬಣ್ಣಕ್ಕೆ ಬಂದಮೇಲೆಯೇ ಎಣ್ಣೆಗೆ. ನನಗೆ ಮೊದಲ ಸಲ ಅದು ಕಂಡ ದಿನ ಇಕ್ಕಳ ಹಿಡಿದ ಕೈ ನಡುಗಿತ್ತು. ಈಗಲೂ ನನಗೆ ಇಡೀ ಕೆಲಸದಲ್ಲಿ ಅದಕ್ಕಿಂತ ಚೆಂದದ್ದು ಇಲ್ಲ.

ಎಣ್ಣೆಯನ್ನೂ ಸ್ವಲ್ಪ ಬಿಸಿ ಮಾಡಿರುತ್ತೇವೆ, 50-60 ಡಿಗ್ರಿ. ತಣ್ಣಗಿನ ಎಣ್ಣೆ ದಪ್ಪ ಇರುತ್ತದೆ, ಅಲಗಿನ ಶಾಖವನ್ನು ಬೇಗ ಎಳೆಯುವುದಿಲ್ಲ. ಒಮ್ಮೆ ನಾನು ಅವಸರಕ್ಕೆ ನೀರಿಗೆ ಅದ್ದಿದ್ದೆ. ಟಣ್ ಅಂತ ಒಂದು ಸದ್ದು, ಅಷ್ಟೇ. ಬಾಯಿಯಿಂದ ಬೆನ್ನಿನವರೆಗೆ ಕೂದಲೆಳೆಯಂಥ ಬಿರುಕು. ಎರಡು ದಿನದ ಕೆಲಸ ಹೋಯಿತು.

ಎಣ್ಣೆಯಿಂದ ತೆಗೆದಮೇಲೆ ಅರ ಹಾಕಿ ನೋಡುತ್ತೇವೆ. ಕಚ್ಚದೆ ಜಾರಿದರೆ ಗಟ್ಟಿಯಾಗಿದೆ ಅಂತ. ಆದರೆ ಆಗ ಅದು ಗಾಜಿನ ಹಾಗೆ, ಬಿದ್ದರೆ ಮುರಿಯುತ್ತದೆ. ಅದಕ್ಕೆ ಸುಮ್ನೆ ಬಿಡದೆ ಅವತ್ತೇ ಒಲೆಯಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆಯಂತೆ ಎರಡು ಸಲ ಇಡುತ್ತೇವೆ. ಉಜ್ಜಿ ಹೊಳೆಸಿದ ಜಾಗ ಹುಲ್ಲಿನ ಹಳದಿಗೆ ತಿರುಗಿದರೆ ಸಮಾಧಾನ.

ಮಧ್ಯಾಹ್ನ ತಮ್ಮನ ಸರದಿ. ಗ್ರೈಂಡರ್ ಬೆಲ್ಟಿನ ಮೇಲೆ ಅಲಗು ತೆಳ್ಳಗೆ ಮಾಡುವಾಗ ಪ್ರತಿ ಸಲವೂ ನೀರಲ್ಲಿ ಅದ್ದಬೇಕು, ಗ್ಲೌಸ್ ಹಾಕಬಾರದು, ಬಿಸಿ ಎಷ್ಟಾಯಿತು ಅಂತ ಬೆರಳಿಗೇ ಗೊತ್ತಾಗಬೇಕು. ಕ್ಷಣ ಮೈಮರೆತರೆ ಮೊನೆಯಲ್ಲಿ ಒಂದು ನೀಲಿ ಚುಕ್ಕೆ. ನೋಡೋಕೆ ಚೆಂದ, ಆದರೆ ಅಲ್ಲಿ ಹದ ಹೋಯಿತು ಅಂತಲೇ ಅರ್ಥ. ಅದನ್ನು ಉಜ್ಜಿ ಮರೆಮಾಡಿ ಕೊಟ್ಟರೆ ತಗೊಂಡವರಿಗೆ ಅವತ್ತು ಗೊತ್ತಾಗಲ್ಲ, ಆದರೆ ನಮಗೆ ಗೊತ್ತಿರುತ್ತದಲ್ವಾ? ಅಷ್ಟು ಭಾಗ ತೆಗೆದು ಚಾಕುವನ್ನೇ ಗಿಡ್ಡ ಮಾಡುತ್ತೇವೆ.

ಹಿಡಿ ಕೂರಿಸುವುದು, ಕೊನೆಯ ಸಾಣೆ, ಎರಡೂ ಅಮ್ಮನದು. ಮರದ ಧೂಳಿಗೆ ಮಾಸ್ಕ್ ಹಾಕದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಸಂಜೆ ಒಂದೊಂದೇ ಚಾಕು ತೆಗೆದು ಪೇಪರ್ ಕೊಯ್ದು ನೋಡುತ್ತಾರೆ. ಎಲ್ಲಾದರೂ ತಡೆದರೆ ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಮತ್ತೆ ಕಲ್ಲಿಗೆ ನೀರು ಹನಿಸುತ್ತಾರೆ.