ಅಂತರಿಕ್ಷದ ಫೋಟೋದಲ್ಲಿ ವಿಚಿತ್ರ ಕಂಡರೆ: ವಾದಕ್ಕೆ ಇಳಿಯುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಮಂಗಳದ ನೆಲದಲ್ಲಿ ಬಾಗಿಲು, ದಿಗಂತದಲ್ಲಿ ದೀಪ, ಚಂದ್ರನ ಮೇಲೆ ಗೋಪುರ. ಇಂಥ ಚಿತ್ರ ಬಂದ ಕೂಡಲೇ ‘ಅದೇನು?’ ಎಂದು ಶುರುವಾದ ಚರ್ಚೆ ದಡ ಸೇರುವುದು ಅಪರೂಪ. ಮೊದಲು ಕೇಳಬೇಕಾದ್ದು ‘ಅದು ಎಲ್ಲಿದೆ?’ ಎಂದು. ನೆಲದ ಮೇಲೋ, ಕ್ಯಾಮೆರಾದೊಳಗೋ, ಚಿತ್ರವನ್ನು ಕಳಿಸಿ ಕುಗ್ಗಿಸಿದ ದಾರಿಯಲ್ಲೋ? ಇದಕ್ಕೆ ಒಂದು ಚಿತ್ರ ಸಾಲದು, ಅದೇ ಜಾಗದ ಎರಡನೇ ಚಿತ್ರ ಬೇಕೇ ಬೇಕು.

ಮೂಲ ಫೈಲ್ ಹುಡುಕಿ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಹಿಡಿದು ವಾದಿಸಬೇಡಿ. ಜೆಪೆಗ್ ವಿಧಾನ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಅಂಥದ್ದನ್ನು ಹಿಗ್ಗಿಸಿ, ಅಂಚು ಚೂಪು ಮಾಡಿದರೆ ಇಲ್ಲದ ಗೋಡೆ, ಮೂಲೆಗಳು ಮೂಡುತ್ತವೆ. ಗೆರೆಗಳು ಚಿತ್ರದ ಅಂಚಿಗೆ ಸರಿಸಮಾನಾಂತರವಾಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ರೋವರ್‌ಗಳ ಚಿತ್ರಗಳು ನಾಸಾ ತಾಣದಲ್ಲಿ ‘ಸೋಲ್’ ಲೆಕ್ಕದಲ್ಲಿ, ಅಂದರೆ ಮಂಗಳದ ದಿನಗಳ ಲೆಕ್ಕದಲ್ಲಿ, ಸಿಗುತ್ತವೆ. ಚಂದ್ರಯಾನ-2ರ ದತ್ತಾಂಶ ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ ಇಸ್ರೊ ದತ್ತಾಂಶ ಕೇಂದ್ರದ ‘ಪ್ರದಾನ್’ ತಾಣದಲ್ಲಿದೆ. ಫೈಲ್‌ನ ಹೆಸರು, ಕ್ಯಾಮೆರಾ, ತೆಗೆದ ಸಮಯ, ವಸ್ತು ಇರುವ ಪಿಕ್ಸೆಲ್‌ನ ಅಡ್ಡ-ಉದ್ದ ಸಂಖ್ಯೆ ಈ ನಾಲ್ಕನ್ನೂ ಬರೆದುಕೊಳ್ಳಿ. ಇಷ್ಟಿಲ್ಲದೆ ಎದುರಿನವರು ನಿಮ್ಮ ಮಾತನ್ನು ಪರೀಕ್ಷಿಸಲಾರರು.

ಕ್ಯಾಮೆರಾದ ತಪ್ಪೇ?

2014ರ ಏಪ್ರಿಲ್ 3ರಂದು ಮಂಗಳದ ನೆಲದಲ್ಲಿರುವ ನಾಸಾದ ಕ್ಯೂರಿಯಾಸಿಟಿ ರೋವರ್‌ನ ದಾರಿ ನೋಡುವ ಕ್ಯಾಮೆರಾ ‘ನ್ಯಾವ್‌ಕ್ಯಾಮ್’ ತೆಗೆದ ಚಿತ್ರದಲ್ಲಿ ದಿಗಂತದ ಬಳಿ ಬೆಳಕೊಂದು ಹೊಳೆಯಿತು. ನ್ಯಾವ್‌ಕ್ಯಾಮ್‌ಗೆ ಎರಡು ಕಣ್ಣು. ಬೆಳಕು ಕಂಡದ್ದು ಬಲಗಣ್ಣಿಗೆ ಮಾತ್ರ, ಸೆಕೆಂಡಿನೊಳಗೆ ತೆಗೆದ ಎಡಗಣ್ಣಿನ ಚಿತ್ರದಲ್ಲಿ ಅದಿಲ್ಲ. ದೂರದಲ್ಲಿ ಉರಿಯುವ ದೀಪವಾಗಿದ್ದರೆ ಎರಡಕ್ಕೂ ಕಾಣಬೇಕಿತ್ತು. ಕಾಸ್ಮಿಕ್ ಕಿರಣದ (ಅಂತರಿಕ್ಷದಿಂದ ಅತಿವೇಗದಲ್ಲಿ ಬರುವ ಕಣದ) ಹೊಡೆತ, ಬಂಡೆಯ ಮಿನುಗು, ಕ್ಯಾಮೆರಾ ಕವಚದ ರಂಧ್ರದಿಂದ ನುಸುಳಿದ ಬೆಳಕು ಇವು ನಾಸಾ ತಂಡ ಪರಿಗಣಿಸಿದ ಕಾರಣಗಳು.

ಕಾಸ್ಮಿಕ್ ಕಿರಣ ಮಸೂರದ ಮೂಲಕ ಬರುವುದಿಲ್ಲ, ಬೆಳಕನ್ನು ಹಿಡಿಯುವ ಸಂವೇದಕಕ್ಕೇ ನೇರ ಬಡಿಯುತ್ತದೆ. ಹಾಗಾಗಿ ಅದರ ಗುರುತಿಗೆ ಮಸೂರದ ಮೃದು ಅಂಚಿರದು. ಒಂದೆರಡು ಪಿಕ್ಸೆಲ್ ಚುಕ್ಕೆ ಅಥವಾ ಗೀರು, ಮುಂದಿನ ಚಿತ್ರದಲ್ಲಿ ಮಾಯ. ಕೆಟ್ಟ ಪಿಕ್ಸೆಲ್ ಇದಕ್ಕೆ ತದ್ವಿರುದ್ಧ: ಕ್ಯಾಮೆರಾ ಎತ್ತ ತಿರುಗಿದರೂ ಅದೇ ಜಾಗದಲ್ಲಿ ಕೂತಿರುತ್ತದೆ.

ಸೋಹೊ ನೌಕೆಯ ಸೂರ್ಯಚಿತ್ರಗಳಲ್ಲಿ ಉಜ್ವಲ ಗ್ರಹಗಳಿಗೆ ಎರಡೂ ಬದಿ ರೆಕ್ಕೆಯಂಥ ಗೆರೆ ಕಾಣುವುದು ಪಿಕ್ಸೆಲ್ ತುಂಬಿ ವಿದ್ಯುದಾವೇಶ ಪಕ್ಕಕ್ಕೆ ಚೆಲ್ಲುವುದರಿಂದ. ಬಣ್ಣದ ಅಂಚು ಕಂಡರೆ, ಬಣ್ಣಗಳನ್ನು ಬೇರೆಬೇರೆ ಕ್ಷಣಗಳಲ್ಲಿ ತೆಗೆದಿದ್ದಾರೆಯೇ ನೋಡಿ. 2015ರಲ್ಲಿ ಡಿಸ್ಕವರ್ ನೌಕೆಯ ಎಪಿಕ್ ಕ್ಯಾಮೆರಾ ಭೂಮಿಯ ಮುಂದೆ ಹಾಯುವ ಚಂದ್ರನನ್ನು ಸೆರೆಹಿಡಿದಾಗ ಚಂದ್ರನ ಒಂದು ಅಂಚು ಹಸಿರಾಗಿತ್ತು. ಮೂರು ಬಣ್ಣಗಳ ನಡುವೆ ತಲಾ 30 ಸೆಕೆಂಡ್ ಅಂತರವಿತ್ತು, ಅಷ್ಟರಲ್ಲಿ ಚಂದ್ರ ಸರಿದಿತ್ತು.

ಅಳತೆ ಹಾಕಿ

ಗಾತ್ರ ಹೇಳದ ವಾದಕ್ಕೆ ಬೆಲೆಯಿಲ್ಲ. 2022ರ ಮೇ ತಿಂಗಳ ‘ಮಂಗಳದ ಬಾಗಿಲು’ ಸುಮಾರು 30 ಸೆಂ.ಮೀ. ಎತ್ತರದ ಬಂಡೆಬಿರುಕು. ಅದನ್ನು ಆಳೆತ್ತರದ ಬಾಗಿಲು ಮಾಡಿದ್ದು ದೂರದ ಬಗ್ಗೆ ನಮ್ಮ ತಪ್ಪು ಅಂದಾಜು.

ಕ್ಯೂರಿಯಾಸಿಟಿಯ ನ್ಯಾವ್‌ಕ್ಯಾಮ್‌ನಲ್ಲಿ ಒಂದು ಪಿಕ್ಸೆಲ್ ಹಿಡಿಯುವ ಕೋನ 0.82 ಮಿಲಿರೇಡಿಯನ್, ಅಂದರೆ 10 ಮೀಟರ್ ದೂರದಲ್ಲಿ ಸುಮಾರು 8 ಮಿ.ಮೀ. ಎರಡು ಕಣ್ಣುಗಳ ನಡುವೆ ಸುಮಾರು 42 ಸೆಂ.ಮೀ. ಇದೆ. ಎಡ-ಬಲ ಚಿತ್ರಗಳಲ್ಲಿ ವಸ್ತು ಎಷ್ಟು ಪಿಕ್ಸೆಲ್ ಸರಿದಿದೆ ಎಂದು ಎಣಿಸಿ, ಅದನ್ನು 0.00082ರಿಂದ ಗುಣಿಸಿ, 0.42ನ್ನು ಅದರಿಂದ ಭಾಗಿಸಿ. 51 ಪಿಕ್ಸೆಲ್ ಸರಿದಿದ್ದರೆ ದೂರ ಸುಮಾರು 10 ಮೀಟರ್. ದೂರದ ಬೆಟ್ಟವೊಂದನ್ನು ಗುರುತಿಟ್ಟು ಅದರ ಸರಿತವನ್ನು ಮೊದಲು ಕಳೆಯಿರಿ, ಇಲ್ಲದಿದ್ದರೆ ಕ್ಯಾಮೆರಾಗಳ ಸಣ್ಣ ಓರೆಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೇಲಿನಿಂದ ತೆಗೆದ ಚಿತ್ರದಲ್ಲಿ ಎತ್ತರ ಸಿಗುವುದು ನೆರಳಿನಿಂದ: ನೆರಳಿನ ಉದ್ದವನ್ನು ದಿಗಂತದಿಂದ ಸೂರ್ಯ ಮೇಲಿರುವ ಕೋನದ ಟ್ಯಾನ್‌ನಿಂದ (ಟ್ಯಾಂಜೆಂಟ್‌ನಿಂದ) ಗುಣಿಸಿ. ಸೂರ್ಯ 20 ಡಿಗ್ರಿ ಮೇಲಿದ್ದು ನೆರಳು 3 ಮೀಟರ್ ಇದ್ದರೆ ವಸ್ತು 1.1 ಮೀಟರ್. ಇದು ಸಮತಟ್ಟಾದ ನೆಲಕ್ಕೆ ಮಾತ್ರ. ಇಳಿಜಾರಿನಲ್ಲಿ ನೆರಳು ಉದ್ದವಾಗಿ ಗುಡ್ಡೆಯೂ ಗೋಪುರವಾಗುತ್ತದೆ.

ಬೆಳಕು ಬದಲಾದಾಗ ಏನಾಗುತ್ತದೆ?

ಕುಳಿ ಗುಡ್ಡದಂತೆ ಕಂಡರೆ ಚಿತ್ರವನ್ನು 180 ಡಿಗ್ರಿ ತಿರುಗಿಸಿ. ಬೆಳಕು ಮೇಲಿನಿಂದ ಬರುತ್ತದೆಂದು ನಂಬುವ ಕಣ್ಣು ಆಗ ಸರಿಹೋಗುತ್ತದೆ.

ನಾಸಾದ ವೈಕಿಂಗ್-1 ನೌಕೆ 1976ರ ಜುಲೈ 25ರಂದು ತೆಗೆದ, ಮನುಷ್ಯನ ಮುಖದಂತೆ ಕಾಣುವ ‘ಮಂಗಳದ ಮುಖ’ ಇಳಿಬಿಸಿಲಿನ ಚಿತ್ರ. ಮೂಗಿನ ಹೊಳ್ಳೆಯಂತಿದ್ದ ಕಪ್ಪು ಚುಕ್ಕೆ ಕಳೆದುಹೋದ ದತ್ತಾಂಶದ ಗುರುತು. ವೈಕಿಂಗ್‌ನ ಅತ್ಯುತ್ತಮ ಚಿತ್ರದಲ್ಲೂ ಒಂದು ಪಿಕ್ಸೆಲ್‌ಗೆ 43 ಮೀಟರ್ ನೆಲವಿತ್ತು. 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಅದನ್ನು 1.56 ಮೀಟರ್‌ಗೆ ಇಳಿಸಿದಾಗ ಉಳಿದದ್ದು ಸವೆದ ದಿಬ್ಬ.

ಹಾಗೆಂದು ಚಿಕ್ಕ ಚುಕ್ಕೆಯನ್ನೆಲ್ಲ ತಳ್ಳಿಹಾಕುವುದೂ ತಪ್ಪು. 2019ರಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿದ ಬಳಿಕ ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಅವರು ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆಯ ಚಿತ್ರದಲ್ಲಿ ಗುರುತಿಸಿದ್ದು ಒಂದೇ ಒಂದು ಹೊಳೆಯುವ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಆಕಾರವಿಲ್ಲ, ಅವರು ಆಕಾರದ ಮೇಲೆ ವಾದ ಹೂಡಲೂ ಇಲ್ಲ. ಹಳೆಯ ಚಿತ್ರದಲ್ಲಿ ಆ ಜಾಗ ಖಾಲಿಯಿತ್ತು, ಹೊಸದರಲ್ಲಿ ಚುಕ್ಕೆಯಿತ್ತು. ಚುಕ್ಕೆ ಕಂಡ ಆ ಮೊದಲ ಚಿತ್ರದಲ್ಲಿ ಸೂರ್ಯ ದಿಗಂತಕ್ಕಿಂತ 6 ಡಿಗ್ರಿಯಷ್ಟೇ ಮೇಲಿದ್ದ. ನವೆಂಬರ್‌ನ ಚಿತ್ರದಲ್ಲಿ 18 ಡಿಗ್ರಿಗೆ ಏರಿದ್ದ, ಪಿಕ್ಸೆಲ್ 0.7 ಮೀಟರ್‌ಗೆ ಇಳಿದಿತ್ತು. ಆಗ ದೊಡ್ಡ ಮೂರು ಚೂರುಗಳು ತಲಾ 2×2 ಪಿಕ್ಸೆಲ್ ಗಾತ್ರದಲ್ಲಿ, ಒಂದೊಂದು ಪಿಕ್ಸೆಲ್ ನೆರಳಿನೊಂದಿಗೆ ಕಂಡವು. ಡಿಸೆಂಬರ್‌ನಲ್ಲಿ ನಾಸಾ ಅವರ ಗುರುತನ್ನು ಒಪ್ಪಿಕೊಂಡಿತು.