ಮನೆಯಲ್ಲೇ ಕಟ್ಟುವ ಕಾರಿಗೆ ಮೀಟರ್ ಕೂಡಿಸುವಾಗ

ಬೆಳಗಾವಿಯ ಉದ್ಯಮಬಾಗಿನಲ್ಲಿ ನನ್ನದು ಲೇಥ್ ಕೆಲಸ. ಸಂಜೆ ಹೊತ್ತು ಶೆಡ್ಡಿನಲ್ಲಿ ಮಾರುತಿ 800ರ ಎಂಜಿನ್ ಇಟ್ಟು ಎರಡು ಸೀಟಿನ ತೆರೆದ ಕಾರು ಕಟ್ಟುತ್ತಿದ್ದೇನೆ. ಇಂಥ ಕಾರು ಕಟ್ಟುವ ಹುಡುಗರು ಮೀಟರನ್ನು ಬರೀ ಅಂದ ನೋಡಿ ಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೀಟರ್ ಮತ್ತು ಅದರ ಸೆಂಡರ್ (ಎಂಜಿನ್ ಅಥವಾ ಟ್ಯಾಂಕಿನಲ್ಲಿ ಕೂತು ಅಳತೆಯನ್ನು ಮೀಟರಿಗೆ ಕಳಿಸುವ ಭಾಗ) ಗಂಡ ಹೆಂಡತಿ ಇದ್ದ ಹಾಗೆ, ಜೋಡಿಯಾಗಿಯೇ ತರಬೇಕು.

ಪೆಟ್ರೋಲ್ ಮೀಟರನ್ನೇ ನೋಡಿ. ಅದರ ಸೆಂಡರ್ ಅಂದರೆ ಟ್ಯಾಂಕಿನೊಳಗೆ ತೇಲುವ ಫ್ಲೋಟ್. ವಿಡಿಒ ಕಂಪನಿಯ ತರಹದ ಫ್ಲೋಟ್ ಟ್ಯಾಂಕ್ ಖಾಲಿ ಇದ್ದಾಗ ಸುಮಾರು 10 ಓಮ್, ತುಂಬಿದಾಗ 180 ಓಮ್ ತೋರಿಸುತ್ತದೆ. ಅಮೆರಿಕದ ತರಹದ್ದು ಖಾಲಿಗೆ 240, ತುಂಬಿದರೆ 33. ಒಂದರ ಫ್ಲೋಟಿಗೆ ಇನ್ನೊಂದರ ಮೀಟರ್ ಹಾಕಿದರೆ ಖಾಲಿ ಟ್ಯಾಂಕು ಫುಲ್ ಅನ್ನುತ್ತದೆ. ಅಂಗಡಿಗೆ ಹೋಗುವ ಮೊದಲೇ ಫ್ಲೋಟನ್ನು ಕೈಯಿಂದ ಎತ್ತಿ ಇಳಿಸಿ ಮಲ್ಟಿಮೀಟರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ.

ಆರ್‌ಪಿಎಂ ಮೀಟರಿನಲ್ಲೂ ಇದೇ ಕಥೆ. 800ರದ್ದು ಮೂರು ಸಿಲಿಂಡರ್. ನಾಲ್ಕು ಸಿಲಿಂಡರಿನ ಮೀಟರ್ ಹಾಕಿದರೆ ಎಂಜಿನ್ 4000 ತಿರುಗುವಾಗ ಮುಳ್ಳು 3000ಕ್ಕೆ ನಿಂತಿರುತ್ತದೆ. ಮೀಟರಿನ ಹಿಂಬದಿಗೆ ಸಿಲಿಂಡರ್ ಸಂಖ್ಯೆ ಬದಲಿಸುವ ಸ್ವಿಚ್ ಇರುವುದನ್ನೇ ಕೇಳಿ. ಟೈರ್ ಬದಲಿಸಿದ್ದರೆ ಸ್ಪೀಡೋಮೀಟರ್ ಕೂಡ ತಪ್ಪುತ್ತದೆ. 145/70 ಆರ್12 ಇದ್ದಲ್ಲಿ 155/80 ಆರ್13 ಹಾಕಿದರೆ, ಮುಳ್ಳು 60ರಲ್ಲಿದ್ದಾಗ ಕಾರು ಹೆಚ್ಚುಕಡಿಮೆ 68ರಲ್ಲಿ ಓಡುತ್ತಿರುತ್ತದೆ.

ಎಷ್ಟು ಮೀಟರ್ ಬೇಕು? "ಮೊದಲ ಆಯಿಲ್ ಪ್ರೆಶರ್ ಹಾಕಪಾ ತಮ್ಮಾ, ಉಳಿದದ್ದು ಆಮೇಲೆ ನೋಡೂಣು" ಅಂತ ನಮ್ಮ ಫೋರ್‌ಮನ್ ಕಾಕಾ ಹೇಳಿದ್ದರು. ನಾನೂ ಅದನ್ನೇ ಹೇಳುತ್ತೇನೆ. ಆಯಿಲ್, ನೀರಿನ ಬಿಸಿ, ವೋಲ್ಟ್, ಪೆಟ್ರೋಲ್ ಸಾಕು. ಆಂಪಿಯರ್ ಮೀಟರ್ ಬೇಡ. ಕಾರಿನ ಕರೆಂಟೆಲ್ಲ ಡ್ಯಾಶ್‌ಬೋರ್ಡ್ ಸುತ್ತಿ ಹೋಗಬೇಕಾಗುತ್ತದೆ, ತಂತಿ ಸವೆದರೆ ಬೆಂಕಿ. ವೋಲ್ಟ್ ಮೀಟರ್ ಸುಮ್ನೆ ಎರಡು ತಂತಿಯ ಕೆಲಸ. ಎಂಜಿನ್ ಓಡುವಾಗ 14ರ ಆಸುಪಾಸು ಇದ್ದರೆ ಚಾರ್ಜಿಂಗ್ ಸರಿ ಇದೆ.

ಆಯಿಲ್ ಸೆಂಡರ್ ಕೂಡಿಸುವಾಗ ಆಟೆ (ಥ್ರೆಡ್) ನೋಡಿ. ಜಪಾನಿ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇಂಚಿಗೆ 28 ಸುತ್ತಿನ ಆಟೆ. ಬಹಳಷ್ಟು ಸೆಂಡರ್‌ಗಳದ್ದು 27. ಕೈಯಲ್ಲಿ ಎರಡು ಸುತ್ತು ಹೋಗುತ್ತದೆ, ಸರಿ ಅನ್ನಿಸುತ್ತದೆ. ಸ್ಪ್ಯಾನರ್ ಹಾಕಿ ಜಗ್ಗಿದರೆ ಬ್ಲಾಕಿನ ಆಟೆ ಹಾಳು. ಒಂದು ಹಿತ್ತಾಳೆ ಅಡಾಪ್ಟರ್ ಮಾಡಿಸಿಕೊಳ್ಳಿ, ಯಾವ ಟರ್ನರ್ ಆದರೂ ಮಾಡಿಕೊಡುತ್ತಾನೆ. ಸೆಂಡರಿಗೆ ಅರ್ಥ್ ಸಿಗುವುದು ಆಟೆಯ ಮೂಲಕವೇ. ಅದಕ್ಕೇ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಬಾರದು.

ಜಾಗ ಗೊತ್ತುಮಾಡಲು ರಟ್ಟು ಸಾಕು. ರಟ್ಟಿನ ಡ್ಯಾಶ್‌ಬೋರ್ಡ್ ಕತ್ತರಿಸಿ ಕಟ್ಟಿ, ಸೀಟಿನಲ್ಲಿ ಕೂತು, ಸ್ಟಿಯರಿಂಗ್ ಹಿಡಿದು ನೋಡಿ. ಆಯಿಲ್ ಮೀಟರ್ ಸ್ಟಿಯರಿಂಗಿನ ಕಡ್ಡಿಯ ಹಿಂದೆ ಅಡಗಬಾರದು. ಸಣ್ಣ ಮೀಟರಿಗೆ 52 ಮಿ.ಮೀ. ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಬೇಕು. ಅಲ್ಯೂಮಿನಿಯಂ ಹಾಳೆಗೆ ಸೀಮೆಎಣ್ಣೆ ಬಿಡುತ್ತಾ ನಿಧಾನ ಕೊರೆಯಿರಿ.

ವೈರಿಂಗಿನಲ್ಲಿ ಎಲ್ಲ ಮೀಟರಿನ ಅರ್ಥ್ ತಂತಿಯನ್ನು ಒಂದೇ ಬೋಲ್ಟಿಗೆ ತನ್ನಿ, ಅಲ್ಲಿಯ ಪೇಂಟ್ ಕೆರೆದು. ಹೆಡ್‌ಲೈಟ್ ಹಾಕಿದಾಗ ಮುಳ್ಳುಗಳೆಲ್ಲ ಅಲುಗಿದರೆ ಅರ್ಥ್ ಸಡಿಲ ಅಂತಲೇ ತಿಳಿಯಿರಿ. ಚಾರ್ಜಿಂಗ್ ದೀಪಕ್ಕೆ ಎಲ್‌ಇಡಿ ಬೇಡ, ಹಳೆಯ ತಂತಿಯ ಬಲ್ಬೇ ಇರಲಿ. ಆ ಬಲ್ಬಿನ ಕರೆಂಟಿನಿಂದಲೇ ಬ್ಯಾಟರಿ ಚಾರ್ಜ್ ಮಾಡುವ ಎಷ್ಟೋ ಆಲ್ಟರ್ನೇಟರ್ ಎಚ್ಚರವಾಗುವುದು.

ಬಿಸಿಯ ಮೀಟರನ್ನು ಕೂಡಿಸುವ ಮೊದಲು ಒಲೆಯ ಮೇಲೆ ಪರೀಕ್ಷಿಸಿ. ಸೆಂಡರಿನ ಹಿತ್ತಾಳೆ ಭಾಗವಷ್ಟೇ ಕುದಿಯುವ ನೀರಿನಲ್ಲಿರಲಿ, ಅದರ ಮೈಗೆ ಬ್ಯಾಟರಿಯ ಮೈನಸ್ ಕೊಡಿ. ಮುಳ್ಳು 100 ಮುಟ್ಟಲಿಲ್ಲ ಅಂತ ವಾಪಸ್ ಕೊಡಲು ಓಡಬೇಡಿ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ ಅಲ್ವಾ, ಇಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ.

ಮೊದಲ ಸಲ ಎಂಜಿನ್ ಎಬ್ಬಿಸುವಾಗ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಾಯಿಲ್ ತಂತಿಯನ್ನೂ ತೆಗೆದಿಟ್ಟು, ಸೆಲ್ಫ್ ತಿರುಗಿಸಿ. ಆಯಿಲ್ ಮುಳ್ಳು ಮೇಲೆದ್ದ ಮೇಲೆಯೇ ಪ್ಲಗ್ ಹಾಕಿ.